ಅಂಗಳದ ಕಾಫಿ ಹೂವು

ಇಷ್ಟು ಒಳ್ಳೆಯ ಗಾಳಿ ಬೀಸುವಾಗ ಕಿಟಕಿಗಳನ್ನೆಲ್ಲ ಯಾಕೆ ಮುಚ್ಚಿಬಿಟ್ಟಿದ್ದಾರೆ — ತೇಜಸ್ವಿನಿ ಕಾರಿನ ಬಾಗಿಲು ಹಾಕುವುದನ್ನೂ ಮರೆತು ನಿಂತಳು, ತಾನೇ ನಕ್ಷೆ ಬರೆದ ಕಟ್ಟಡ, ಕುಶಾಲನಗರದಾಚೆಯ ಈ ಕ್ಯಾನ್ಸರ್ ಆಸ್ಪತ್ರೆ ಆಸ್ಪತ್ರೆಯಂತೆ ಕಾಣಬಾರದು, ಮನೆಗೆ ಬಂದಂತಿರಬೇಕು ಎಂದು ಎಷ್ಟು ಹಟ ಮಾಡಿದ್ದಳು, ಕೀಮೋ ಕೋಣೆಗೊಂದು ಅಂಗಳ, ಅಂಗಳದ ತುಂಬ ಕಾಫಿ ಗಿಡ, ಮಲಗಿದವರಿಗೂ ಹೊರಗೆ ಕಾಣುವಂತೆ ತಗ್ಗಿನ ಕಿಟಕಿ, ಬೇಸಿಗೆಯ ಹೂಮಳೆ ಬಿದ್ದು ಗಿಡವೆಲ್ಲ ಹೂ ಬಿಟ್ಟು ಬೆಳ್ಳಗಾದಾಗ ಆ ಗಮಲು ಒಳಗೆಲ್ಲ ಹರಡಬೇಕು, ನಮ್ಮ ಕಡೆಯವರಿಗೆ ಅದಕ್ಕಿಂತ ಸ್ವಾಗತ ಇನ್ನೇನಿದೆ ಎಂದಾಗ ಕಮಿಟಿಯವರೆಲ್ಲ ತಲೆದೂಗಿದ್ದರು, ಅವರೂ ತೋಟದವರೇ ತಾನೆ, ಒಬ್ಬರಿಗಾದರೂ ಹೊಳೆಯಲಿಲ್ಲ — ಗಿಡ ಮೊದಲ ಸಲ ಹೂ ಬಿಟ್ಟಿದೆ, ಕೊಂಬೆ ಕಾಣದಷ್ಟು, ಫೋಟೊ ತೆಗೆಯಲೆಂದೇ ಅಮ್ಮತ್ತಿಯಿಂದ ಓಡಿ ಬಂದಿದ್ದಾಳೆ, ಛೆ, ಫೋಟೊ. ಒಳಗೆ ಸೆಕೆ, ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿದ್ದಾರೆ, ನರ್ಸ್ ಶೋಭಿತಾ ಸಂಕೋಚದಿಂದಲೇ ಹೇಳುತ್ತಾಳೆ, ಬೇಜಾರ್ ಮಾಡ್ಕೋಬೇಡಿ ಮೇಡಂ, ಕೀಮೋ ಕೊಟ್ಮೇಲೆ ಯಾವ ಗಮಲೂ ಆಗಲ್ಲ ಇವ್ರಿಗೆ, ಹೂ ಬಿಟ್ಟಾಗಿಂದ ವಾಂತಿ ಜಾಸ್ತಿ, ಕೆಲವರು ಬರೋದೇ ನಿಲ್ಸಿದಾರೆ — ಬರುವುದನ್ನೇ, ಬರಲಿ ಎಂದಲ್ಲವೇ ಇದನ್ನು ಹೀಗೆ ಕಟ್ಟಿಸಿದ್ದು. ಗಾಳಿಬೀಡಿನ ರಂಗಮ್ಮ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಮಲಗಿದ್ದಾರೆ, ಹುಟ್ಟಿದಾಗಿನಿಂದ ತೋಟದಲ್ಲೇ ದುಡಿದವರು, ನಮ್ ಹೂವೇ ನಮ್ಗಾಗ್ದಂಗಾಯ್ತಲ್ಲವ್ವ ಅನ್ನುತ್ತಾರೆ, ಬೈದಿದ್ದರೆ ಚೆನ್ನಾಗಿತ್ತು, ಆ ಸೆರಗು, ಆ ಬೆರಳು —

ಅಮ್ಮನೂ ಹೀಗೇ ಹಿಡಿದಿದ್ದಳು, ಅಮ್ಮ, ವನಜಮ್ಮ, ಮನೆಯ ಹಿಂದಿನ ಕೋಣೆಯಲ್ಲಿ, ಕೀಮೋ ನಡೆದ ಕೊನೆಯ ವರ್ಷ, ಹೊರಗೆ ಹೂವು, ಕಿಟ್ಕಿ ಹಾಕ್ಬಿಡು ಮಗ ಅಂದಳು, ತೇಜಸ್ವಿನಿ ಹಾಕಲಿಲ್ಲ, ಕತ್ತಲಲ್ಲಿ ಬಿದ್ದುಕೊಂಡರೆ ಇನ್ನೂ ಕುಗ್ತೀಯಮ್ಮ, ನಿನ್ನದೇ ತೋಟದ ಹೂವು, ಗಾಳಿ ಬರಲಿ ಎಂದು ಪ್ರೀತಿಯಿಂದಲೇ ಹೇಳಿದ್ದಳು, ಪ್ರೀತಿಯಿಂದಲೇ, ಅಮ್ಮ ಮತ್ತೆ ಕೇಳಲಿಲ್ಲ, ಯಾರನ್ನೂ ಏನನ್ನೂ ಮತ್ತೆ ಕೇಳಿದವಳಲ್ಲ. ಆ ತೆರೆದ ಕಿಟಕಿಯನ್ನೇ ಅಮ್ಮನ ನೆನಪಿಗೆಂದು ಇಲ್ಲಿ ಸಾಲಾಗಿ ಬರೆದಳಲ್ಲ, ಎಂಥ ಮಗಳು. ಗಿಡ ತೆಗೆಸಬೇಕು, ಇವತ್ತೇ, ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿ ಆಳು ಕಳಿಸಲು ಹೇಳಬೇಕು, ಹೂ ಬಿಟ್ಟ ಗಿಡ ಯಾರಾದ್ರೂ ಕಡೀತಾರಾ ಎಂದು ನಗಲಿ, ಕಡಿದರೆ ಇವರಿಗಾಯಿತು, ಅಮ್ಮನಿಗೆ — ಫೋನು ಕೈಯಲ್ಲೇ ಇದೆ, ಅವತ್ತು ಮಧ್ಯಾಹ್ನ ಗಂಜಿ ತಂದಾಗ ಅಮ್ಮ ಮಂಚದಿಂದ ಅರ್ಧ ಎದ್ದಿದ್ದಳು, ಒಂದು ಕೈಯಲ್ಲಿ ಸೆರಗು ಮೂಗಿಗೆ, ಇನ್ನೊಂದು ಕೈ ಕಿಟಕಿಯ ಚಿಲಕದ ಕಡೆಗೆ, ಏನಮ್ಮ ಅಂದರೆ ಏನಿಲ್ಲ, ಬೆಳಕು ನೋಡ್ತಿದ್ದೆ ಅಂದಳು, ಇವಳು ನಂಬಿ ಕಿಟಕಿಯನ್ನು ಇನ್ನಷ್ಟು ತೆರೆದಳು, ಚಿಲಕಕ್ಕೆ ಎಟುಕದ ಆ ಕೈ, ಚಿಲಕದಿಂದ ಗೇಣು ದೂರದಲ್ಲೇ ನಿಂತ ಆ ಕೈ