ಪಕ್ಕದ ಮನೆಯವನ ಎಚ್ಚರಿಕೆ

ಮೂರನೇ ಮಹಡಿಯಿಂದ ಇಳಿಯುವಾಗ ಅತ್ತೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಆ ಮನೆಯಲ್ಲಿ ಮೆಟ್ಟಿಲು ಅನ್ನುವ ಮಾತೇ ಬೈಗುಳದಂತಾಯಿತು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಕೋಲು ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ಆದರೆ ಕೆಳಗೆ ಹೋಗಬೇಕೆಂದರೆ ಮಗನ ಬೆನ್ನೇ ಗತಿ. ಮಗ ಬಸ್ ಡ್ರೈವರ್, ಗಟ್ಟಿಮುಟ್ಟಾದ ಆಳು. “ಅಮ್ಮ, ಟಿಕೆಟ್ ತಗೊಳ್ದೆ ಹತ್ತೋ ಪ್ಯಾಸೆಂಜರ್ ನೀನೊಬ್ಳೇ” ಎಂದು ನಗಿಸಲು ನೋಡುತ್ತಿದ್ದ. ಆಕೆ ನಗುತ್ತಿರಲಿಲ್ಲ. ವರ್ಷಾನುಗಟ್ಟಲೆ ಶಾಲೆಯಲ್ಲಿ ಆಟದ ಟೀಚರ್ ಆಗಿ, ಸೀಟಿ ಊದಿ ಮಕ್ಕಳನ್ನು ಮೈದಾನದ ತುಂಬ ಓಡಿಸಿದವರಿಗೆ ಇನ್ನೊಬ್ಬರ ಬೆನ್ನ ಮೇಲೆ ಮೂಟೆಯಾಗುವುದು ಹೇಗೆ ಹಿಡಿಸೀತು? ಬರಬರುತ್ತ ಕೆಳಗೆ ಹೋಗುವ ಮಾತನ್ನೇ ಬಿಟ್ಟರು. ಬೆಳಗಾದರೆ ಕಿಟಕಿಯ ಹತ್ತಿರ ಕೂತುಬಿಡುವರು.

ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಹಾಸಿಗೆ ಹಿಡಿಯುವವರು ಅದಕ್ಕೂ ಮೊದಲು ಹೀಗೆ ಕಿಟಕಿ ಹಿಡಿಯುವುದನ್ನು ವಾರ್ಡಿನಲ್ಲಿ ಎಷ್ಟೋ ಸಲ ಕಂಡಿದ್ದಳು. ಒಂದು ದಿನ ಗಂಡನಿಗೆ ಹೇಳಿಯೇ ಬಿಟ್ಟಳು. “ರೀ, ಹಳೇದಾದ್ರೂ ಪರವಾಗಿಲ್ಲ. ನೆಲದ ಮೇಲಿರೋ ಮನೆ ಕೊಂಡ್ಕೊಳ್ಳೋಣ. ಅತ್ತೆ ತಾವಾಗೇ ಬೀದಿಗೆ ಹೋಗಿ ಬರೋ ಹಾಗಿರ್ಬೇಕು.”

ಮನೆ ಕಟ್ಟಿ ನೋಡು ಅಂದ ಹಿರಿಯರು ಮನೆ ಹುಡುಕಿ ನೋಡು ಎಂದೇಕೆ ಹೇಳಲಿಲ್ಲವೋ! ಒಂದಕ್ಕೆ ಬೆಳಕಿಲ್ಲ, ಒಂದಕ್ಕೆ ನೀರಿಲ್ಲ, ಇನ್ನೊಂದು ಎಲ್ಲ ಸರಿಯಿದ್ದರೆ ಬಾಗಿಲೆದುರಿಗೇ ಲಾರಿಗಳ ಸಾಲು. ಚಪ್ಪಲಿ ಸವೆದದ್ದೇ ಬಂತು ಎನ್ನುವ ಹೊತ್ತಿಗೆ ದಲ್ಲಾಳಿ ಆ ಮನೆ ತೋರಿಸಿದ.

ಸದ್ದಿಲ್ಲದ ಅಡ್ಡರಸ್ತೆ. ಎರಡೂ ಕಡೆ ಎತ್ತರದ ಕಟ್ಟಡಗಳು ಏಳುತ್ತಿದ್ದವು. ನಡುವೆ ಜೋಡಿಯಾಗಿ ಉಳಿದಿದ್ದ ಎರಡು ತಗ್ಗು ಮನೆಗಳಲ್ಲಿ ಒಂದು ಇದು. ಕೆಂಪು ನೆಲ, ದಪ್ಪ ಗೋಡೆ, ಬೀದಿಗೆ ಸಮನಾದ ಜಗಲಿ. ಗೇಟಿನಿಂದ ಅಡುಗೆಮನೆಯವರೆಗೆ ಹೊಸ್ತಿಲು ಬಿಟ್ಟರೆ ಎಡವುವಂಥದ್ದು ಏನೂ ಇರಲಿಲ್ಲ.

“ಮನೆ ಅಲ್ಲ ಸರ್, ಬಂಗಾರ” ಎಂದ ದಲ್ಲಾಳಿ.

“ಬಂಗಾರಾನ ಒರೆಗೆ ಹಚ್ಚಿ ನೋಡ್ತಾರೆ, ತಡೀರಿ” ಎಂದು ಡ್ರೈವರ್ ಮನೆಗೆ ಒಂದು ಸುತ್ತು ಹಾಕಿದ, ಡಿಪೋದಲ್ಲಿ ಬಸ್ಸಿಗೆ ಹಾಕುವ ಹಾಗೆ. ಗೋಡೆ ತಟ್ಟಿದ, ನಲ್ಲಿ ತಿರುಗಿಸಿದ, ತಾರಸಿ ಹತ್ತಿ ಇಳಿದ. ಸೊಸೆ ಬಾವು ಬಂದ ಕಾಲನ್ನು ಒತ್ತಿ ನೋಡುವಂತೆ ಗೋಡೆಯ ಬುಡವನ್ನೆಲ್ಲ ಹೆಬ್ಬೆರಳಿನಿಂದ ಒತ್ತುತ್ತ ಹೋದಳು. ಬಚ್ಚಲಮನೆಯ ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿತ್ತು. ಅಡುಗೆಮನೆಯ ಕಿಟಕಿಯ ಕೆಳಗೆ ಕೂದಲೆಳೆಯಷ್ಟು ಬಿರುಕು. ಅಷ್ಟೇ. ವಯಸ್ಸಾದ ಮೈ, ಇಷ್ಟೂ ನೋವಿಲ್ಲದೆ ಇರುತ್ತದೆಯೇ ಎಂದುಕೊಂಡಳು. ಆಗಲೇ ಮನಸ್ಸಿನಲ್ಲಿ ಅತ್ತೆಯ ಮಂಚವನ್ನು ಎಲ್ಲಿಡಬೇಕೆಂದು ಗೊತ್ತುಮಾಡಿಯೂ ಆಗಿತ್ತು.

ಹೊರಗೆ ಬಂದಾಗ ಪಕ್ಕದ ತಗ್ಗು ಮನೆಯವನು ಕಾಂಪೌಂಡಿನ ಹತ್ತಿರ ನಿಂತಿದ್ದ. ವಾಚ್ ರಿಪೇರಿ ಮಾಡುವವನು. ಕಣ್ಣಿಗೆ ಸಿಕ್ಕಿಸುವ ಪುಟ್ಟ ಭೂತಗನ್ನಡಿ ಹಣೆಯ ಮೇಲಿತ್ತು.

“ತಗೋತೀರಾ?” ಎಂದು ಕೇಳಿದ. “ನಿಮ್ಮಿಷ್ಟ. ನಾಳೆ ಪಕ್ಕದಲ್ಲೇ ಇದ್ದು ಹೇಳ್ಲಿಲ್ಲ ಅನ್ಬೇಡಿ. ಮಳೆ ಬಂದ್ರೆ ಹಾಲಲ್ಲಿ ಮಂಡಿಮಟ್ಟ ನೀರು. ತಳಪಾಯ ಬೇರೆ ಕೂತಿದೆ.”

ದಲ್ಲಾಳಿ ಏನೋ ಹೇಳಹೋಗಿ ತೊದಲಿದ. ಎದುರು ಮನೆಯ ಹೆಂಗಸನ್ನು ಕೇಳಿದರೆ ಆಕೆ ಅವರ ಮುಖ ನೋಡದೆ, “ಅವ್ರೇ ಹೇಳಿದ್ರಲ್ಲ, ನನ್ನನ್ಯಾಕೆ ಕೇಳ್ತೀರಿ” ಎಂದು ಒಳಗೆ ಹೋದಳು. ಸೊಸೆಗೆ ಯಾರೋ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು.

ಮನೆಗೆ ಬಂದು ಡ್ರೈವರ್ ಕೈಚೆಲ್ಲಿದ. “ಬಿಡು, ಆ ಮನೆ ಋಣ ಇಲ್ಲ.”

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು. “ಗೋಡೆ ಒದ್ದೆ ಇತ್ತೇನೇ?”

“ಇಲ್ಲ ಅತ್ತೆ. ಒಣಗಿದ ರೊಟ್ಟಿ ಥರ ಇತ್ತು.”

“ಮಂಡಿಮಟ್ಟ ನೀರು ನಿಂತ ಗೋಡೆ ಹಾಗಿರತ್ತಾ? ಮಾತು ಮನೆ ಕೆಡಿಸ್ತು ಅಂತ ಗಾದೆ. ಇಲ್ಲಿ ಇನ್ನೂ ಮನೇನೇ ತಗೊಂಡಿಲ್ಲ, ಅಷ್ಟರಲ್ಲೇ ಕೆಡಿಸ್ಕೊಂಡು ಬಂದಿದೀರಿ. ಮಳೆ ಬರೋ ದಿನ ಹೋಗಿ ನೋಡೋದಪ್ಪ. ನಾನೂ ಬರ್ತೀನಿ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಎಷ್ಟೋ ತಿಂಗಳ ಮೇಲೆ ಆಕೆ ತಾವಾಗಿ ಹೊರಗೆ ಬರುತ್ತೇನೆ ಎಂದಿದ್ದರು.

ಮುಂದಿನ ಭಾನುವಾರ ಮಧ್ಯಾಹ್ನ ಮೋಡ ಕವಿಯಿತು. ಡ್ರೈವರ್ ತಾಯಿಯನ್ನು ಬೆನ್ನ ಮೇಲೆ ಹೊತ್ತು ಇಳಿಸಿದ. ದಲ್ಲಾಳಿಯಿಂದ ಬೀಗದಕೈ ಇಸಿದುಕೊಂಡು ಮೂವರೂ ಆ ಖಾಲಿ ಮನೆಯ ಹಾಲಿನಲ್ಲಿ ಕುರ್ಚಿ ಹಾಕಿಕೊಂಡು, ನೆಂಟರು ಬರುತ್ತಾರೆಂದು ಕಾಯುವವರ ಹಾಗೆ, ಮಳೆಗಾಗಿ ಕಾದು ಕೂತರು.

ಬಂತು. ಬಂದ ಹೊಡೆತಕ್ಕೆ ಎದುರು ಮನೆ ಕಾಣದಾಯಿತು. ರಸ್ತೆಯಲ್ಲಿ ಕೆಂಪು ನೀರು ಹರಿಯತೊಡಗಿತು. ಸೊಸೆಯ ಕಣ್ಣು ಹೊಸ್ತಿಲ ಮೇಲೆಯೇ. ನೀರು ಗೇಟಿನವರೆಗೆ ಬಂದು ಮೂಸಿ ನೋಡಿದಂತೆ ಮಾಡಿ, ಪಕ್ಕದ ಚರಂಡಿ ಹಿಡಿದು ಇಳಿಜಾರಿಗೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಡ್ರೈವರ್ ಕೋಣೆ ಕೋಣೆ ಸುತ್ತಿ ಬಂದು, “ಅಡುಗೆಮನೆ ಕಿಟಕಿ ಹತ್ರ ನಾಲ್ಕು ಹನಿ. ಬೇರೆಲ್ಲೂ ಇಲ್ಲ ಕಣೇ!” ಎಂದು ಕೂಗಿದ.

ಮಳೆ ತಗ್ಗುತ್ತಿದ್ದಂತೆ ಅತ್ತೆ ಕೋಲೂರಿ ಜಗಲಿಗೆ ಬಂದರು. ಪಕ್ಕದವನು ಕಿಟಕಿಯಿಂದ ಇಣುಕುತ್ತಿದ್ದ. ಮೈದಾನದ ಆಚೆ ತುದಿಗೂ ಕೇಳುವ ಹಳೆಯ ದನಿ ಹೊರಟಿತು. “ಏನಪ್ಪಾ, ಬಾ ಇಲ್ಲಿ!”

ಅವನು ಕೊಡೆ ಹಿಡಿದು ಬಂದು ಗೇಟಿನ ಹತ್ತಿರ ನಿಂತ.

“ಮಂಡಿಮಟ್ಟ ನೀರು ಅಂದ್ಯಂತೆ. ಎಲ್ಲಿದೆ ತೋರ್ಸು, ಕಾಲು ತೊಳ್ಕೋಬೇಕು.”

ಅವನ ಮುಖ ಕೆಂಪೇರಿತು. ಕೊಡೆ ಮಡಿಸಿದ, ನೆನೆಯುತ್ತಿದ್ದೇನೆಂದು ಗೊತ್ತಾಗಿ ಮತ್ತೆ ಬಿಚ್ಚಿದ. “ತಪ್ಪಾಯ್ತು ತಾಯಿ. ಇದಕ್ಕೆ ಮುಂಚೆ ಬಂದೋರೆಲ್ಲ ಮನೆ ಒಳಗೂ ಹೋಗ್ಲಿಲ್ಲ. ಟೇಪ್ ಹಿಡಿದು ಜಾಗ ಅಳೆದು, ಕೆಡವಿ ಎಷ್ಟು ಮಹಡಿ ಏಳಿಸ್ಬೋದು ಅಂತ ಮಾತಾಡಿದ್ರು. ನನ್ನ ಹೆಂಡ್ತಿಗೆ ಲಕ್ವ ಹೊಡೆದು ಮಲಗಿದಾಳೆ. ಈ ಕಡೆ ಕಿಟಕಿ ಒಂದೇ ಅವಳಿಗೆ. ಆ ಕಡೆ ಕಟ್ಟಡ ಎದ್ದು ಆಗ್ಲೇ ಕತ್ತಲೆ. ಇಲ್ಲೂ ಎದ್ರೆ ಆಕಾಶಾನೇ ಇರಲ್ಲ. ಬೀದಿಯವರಿಗೆಲ್ಲ ಗೊತ್ತು, ಅದಕ್ಕೇ ಯಾರೂ ಬಾಯಿ ಬಿಡಲ್ಲ.”

ಸೊಸೆಗೆ ರೇಗಿತು. “ನಾವು ಎಷ್ಟು ಮನೆ ಸುತ್ತಿ ಬಂದಿದೀವಿ ಗೊತ್ತೇನ್ರಿ? ನಿಮ್ಮ ಒಂದು ಮಾತಿಂದ ಇದನ್ನೂ ಬಿಡೋರಿದ್ವಿ! ಟೇಪ್ ಹಿಡಿದು ಬಂದಿದ್ವಾ ನಾವು? ಏನು, ಯಾಕೆ ಅಂತ ಒಂದು ಮಾತು ಕೇಳ್ಬಾರ್ದಿತ್ತಾ?”

“ಕೇಳ್ಬೇಕಿತ್ತಮ್ಮ” ಎಂದ ಅವನು ತಲೆ ತಗ್ಗಿಸಿ.

ಅತ್ತೆ ಕೋಲೆತ್ತಿ ತಾರಸಿಯ ಕಡೆ ತೋರಿಸಿದರು. “ಅಲ್ಲಯ್ಯ, ನಾವು ಮೆಟ್ಟಿಲಿಗೆ ಹೆದ್ರಿ ಓಡಿ ಬರ್ತಿರೋರು. ಮಹಡಿ ಕಟ್ಟಿದ್ರೆ ಹತ್ತೋರ್ಯಾರು, ನೀನು ಹೊತ್ಕೊಂಡು ಹೋಗ್ತೀಯಾ?”

ಮೊದಲು ನಕ್ಕವನು ಡ್ರೈವರ್. ಆಮೇಲೆ ವಾಚ್ ರಿಪೇರಿಯವನೂ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

“ತಳಪಾಯ?” ಎಂದು ಡ್ರೈವರ್ ಬಿಡದೆ ಕೇಳಿದ.

“ಅದೂ ಸುಳ್ಳು ಸಾರ್. ಗೆದ್ದಲೊಂದು ನಿಜ. ಹಿಂದೆ ಬಂದೋರಿಗೆ ಹಾವಿದೆ ಅಂದಿದ್ದೆ. ಅವ್ರು ಹಾವಾಡಿಸೋನ್ನ ಕರ್ಕೊಂಡು ಬರ್ತೀವಿ ಅಂದ್ಬಿಟ್ರು, ಅದಕ್ಕೇ ಈ ಸಲ ನೀರು ಅಂದೆ.”

ಆದರೂ ಅವನ ಬಾಯಿಮಾತನ್ನು ನಂಬಿ ಕೂರಲಿಲ್ಲ. ಒಬ್ಬ ಎಂಜಿನಿಯರನ್ನು ಕರೆತಂದು ಬುಡದಿಂದ ತಾರಸಿಯವರೆಗೆ ತೋರಿಸಿದರು. ಆತ ಮೂಲೆಯಲ್ಲಿ ಅಗೆಸಿ ನೋಡಿ, ಬಿರುಕು ಬರೀ ಗಾರೆಯದು, ತಳಪಾಯ ಕಲ್ಲಿನ ಹಾಗಿದೆ ಎಂದ ದಿನ ಸೊಸೆ ಹೊಟ್ಟೆತುಂಬ ಉಂಡು, ಎಷ್ಟೋ ದಿನಗಳ ಮೇಲೆ ಕನಸಿಲ್ಲದೆ ಮಲಗಿದಳು. ಗೆದ್ದಲು ತಿಂದ ಚೌಕಟ್ಟನ್ನು ಮಾರುವ ಮುಂಚೆ ಮಾಲೀಕರೇ ಬದಲಾಯಿಸಿಕೊಟ್ಟರು.

ಒಕ್ಕಲು ಬಂದ ಮರುದಿನ ಬೆಳಿಗ್ಗೆ ಪಾತ್ರೆಗಳಿನ್ನೂ ಗೋಣಿಚೀಲದಲ್ಲೇ ಇದ್ದವು. ಅತ್ತೆ ಚಪ್ಪಲಿ ಮೆಟ್ಟಿ, ಯಾರಿಗೂ ಹೇಳದೆ ಗೇಟು ತೆಗೆದು ಹೊರಟರು. ಡ್ರೈವರ್ ಗಾಬರಿಯಿಂದ ಹಿಂದೆ ಓಡಲು ಹೊರಟಾಗ ಹೆಂಡತಿ ಅವನ ಅಂಗಿ ಹಿಡಿದೆಳೆದಳು. “ಬಿಡ್ರಿ, ಹೋಗ್ಲಿ.” ಹಾಗೆಂದವಳು ತಾನೇ ಬಾಗಿಲ ಸಂದಿಯಲ್ಲಿ ನಿಂತು, ಕೋಲಿನ ಟಕ್ ಟಕ್ ಬೀದಿಯ ತಿರುವು ದಾಟುವವರೆಗೆ ಉಸಿರು ಬಿಗಿಹಿಡಿದಿದ್ದಳು.

ಬಿಸಿಲೇರುವ ಹೊತ್ತಿಗೆ ಅವರು ಬೆವರಿಳಿಯುವ ಮುಖದಲ್ಲಿ ಹಿಂದಿರುಗಿ, ಜಗಲಿಯ ಕುರ್ಚಿಯಲ್ಲಿ ಧೊಪ್ಪನೆ ಕೂತು ವರದಿ ಒಪ್ಪಿಸಿದರು.

“ಮೂಲೆ ಅಂಗಡಿಯವನು ಹಳೇ ಬ್ರೆಡ್ ಮಾರ್ತಾನೆ, ಅಲ್ಲಿ ತಗೋಬೇಡ. ಎದುರು ಮನೆಯವಳಿಗೆ ಬಾಯಿ ಜೋರು, ಮನಸ್ಸು ಒಳ್ಳೇದು. ಪಕ್ಕದ ಮನೆಯವಳಿಗೆ ಮಾತು ತೊದಲತ್ತೆ, ಆದ್ರೆ ಇಸ್ಪೀಟಲ್ಲಿ ನನ್ನನ್ನೇ ಸೋಲಿಸಿ ಕಳಿಸಿದ್ಳು ಕಣೇ! ಸಂಜೆ ಮತ್ತೆ ಹೋಗ್ಬೇಕು. ಬೇಗ ಕಾಫಿ ಕೊಡು.”