ನಂಬಿಕೆಗೆ ಹತ್ತಕ್ಕೆ ಒಂಬತ್ತು

೧

ಎಲ್ಲಿಂದ ಶುರು ಮಾಡುವುದು?

‘ನಮ್ಮ ಮಾರುಕಟ್ಟೆಯ ಮೇಲೆ ವಿದೇಶಿ ಕಂಪನಿಗಳ ವಿಶ್ವಾಸ ಈ ಸಲ ಮತ್ತೆ ಏರಿದೆ’ ಎಂಬ ಸಾಲಿನಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ನಾನೂ ತಿರುಗಿಸುತ್ತಿದ್ದೆ. ಅಂಥ ಸುದ್ದಿ ಪತ್ರಿಕೆಯ ಒಳಪುಟದಲ್ಲಿ, ಟೈರಿನ ಜಾಹೀರಾತಿನ ಪಕ್ಕ ಬರುತ್ತದೆ. ಟೈರು ಕೊಳ್ಳಬೇಕಾದವರು ಟೈರು ನೋಡುತ್ತಾರೆ. ಸುದ್ದಿಯನ್ನು ಯಾರೂ ನೋಡುವುದಿಲ್ಲ.

ಮೊದಲ ಕರಡಿನಲ್ಲಿ ಕಾರ್ಖಾನೆಯ ಗೇಟು, ಗೇಟಿಗೆ ಬೀಗ, ಬೀಗದ ಮುಂದೆ ಅಳುವ ಹೆಂಗಸು, ಎಲ್ಲ ಇತ್ತು. ಹರಿದು ಹಾಕಿದೆ. ಮೊದಲ ಸಾಲಿನಲ್ಲೇ ಹೆಂಗಸನ್ನು ಅಳಿಸುವ ಕತೆಗಾರನನ್ನು ನಂಬಬೇಡಿ, ಅವನ ಹತ್ತಿರ ಸರಕಿಲ್ಲ ಎಂದರ್ಥ. (ನನ್ನ ಹತ್ತಿರ ಇದೆಯೇ ಎಂಬುದು ಬೇರೆ ಮಾತು.)

ಆದ್ದರಿಂದ ಹೀಗೆ: ಒಬ್ಬಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಾಳೆ. ಕಂಪನಿಗಳಿಗೆ ಫೋನ್ ಮಾಡಿ, ನಿಮಗೆ ನಮ್ಮ ಮೇಲೆ ಎಷ್ಟು ನಂಬಿಕೆ ಇದೆ ಎಂದು ಕೇಳುವುದು ಅವಳ ಕೆಲಸ. ಅವಳಿಗೊಬ್ಬ ಅಕ್ಕ ಇದ್ದಾಳೆ. ಕತೆಯಿರುವುದು ಅವರಿಬ್ಬರದೇ ಆದ್ದರಿಂದ ಇವಳನ್ನು ತಂಗಿ ಎಂದರೆ ಸಾಕು.

೨

ಆಫೀಸು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿದೆ. ಕೆಳಗೆ ಡ್ರಿಲ್ಲು ಶುರುವಾದಾಗ ತಂಗಿ ಮೈಕಿಗೆ ಕೈ ಅಡ್ಡ ಹಿಡಿಯುತ್ತಾಳೆ, ಇಲ್ಲದಿದ್ದರೆ ಆ ಕಡೆಯ ಮ್ಯಾನೇಜರುಗಳು ಆಫೀಸಿನ ಬಗ್ಗೆ ಏನೋ ಅಂದುಕೊಳ್ಳುತ್ತಾರೆ. ಪ್ಲೈವುಡ್ಡಿನ ಗೂಡುಗಳು, ಪ್ರತಿ ಗೂಡಿನಲ್ಲೂ ಒಂದು ನೀರಿನ ಬಾಟಲಿ, ಗಂಟಲಿಗೆ ಹಾಕಿಕೊಳ್ಳುವ ಗುಳಿಗೆ. ಮೂರು ತಿಂಗಳಿಗೊಮ್ಮೆ ಸಮೀಕ್ಷೆ, ಮೂರು ತಿಂಗಳಿಗೊಮ್ಮೆ ಕೆಲಸದ ನವೀಕರಣ.

ಮೇಲ್ವಿಚಾರಕಿಗೆ ಹುಡುಗಿಯರು ಸರಾಸರಿ ಮೇಡಂ ಎಂದು ಹೆಸರಿಟ್ಟಿದ್ದಾರೆ. ಫ್ಯಾನು ಐದಕ್ಕಿರಲಿ ಎಂದು ಒಬ್ಬಳು, ಒಂದಕ್ಕಿರಲಿ ಎಂದು ಇನ್ನೊಬ್ಬಳು ಜಗಳಕ್ಕೆ ನಿಂತರೆ, ಅವರು ಬಂದು ಮೂರಕ್ಕೆ ತಿರುಗಿಸಿ ಹೋಗುತ್ತಾರೆ. ಒಬ್ಬಳಿಗೆ ಚಳಿ, ಒಬ್ಬಳಿಗೆ ಸೆಕೆ, ಮೇಡಂಗೆ ನೆಮ್ಮದಿ.

ಅವರ ನಿಯಮ ಮೂರೇ. ಫೋನಿನಲ್ಲಿ ಕೇಳಿದ್ದು ಫೋನಿನಲ್ಲೇ ಉಳಿಯಬೇಕು. ನಿಮ್ಮ ಕಡೆಯವರು ಕೆಲಸ ಮಾಡುವ ಕಂಪನಿಗೆ ನೀವು ಫೋನ್ ಮಾಡಬಾರದು, ಹೇಳಿದರೆ ಬೇರೆಯವರಿಗೆ ಕೊಡುತ್ತಾರೆ. ಮೂರನೆಯದು ವಿಚಿತ್ರ: ಮ್ಯಾನೇಜರು ಯಾವುದಾದರೂ ಪ್ರಶ್ನೆಗೆ ಉತ್ತರ ಕೊಡದೆ ಹೋದರೆ ಆ ಜಾಗವನ್ನು ಖಾಲಿ ಬಿಡುವಂತಿಲ್ಲ. ಹಿಂದಿನ ಸಲ ಏನು ಹೇಳಿದ್ದನೋ ಅದನ್ನೇ ತುಂಬಬೇಕು.

ಯಾಕೆ ಮೇಡಂ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದರು: “ಖಾಲಿ ಜಾಗ ನೋಡಿದ್ರೆ ವರದಿ ಕೊಳ್ಳೋ ಗಿರಾಕಿಗಳಿಗೆ ಭಯ ಆಗುತ್ತಮ್ಮಾ.”

ತಂಗಿ ಎರಡನೆಯ ನಿಯಮವನ್ನು ಮುರಿದಿದ್ದಳು. ಭಾವ, ಅಂದರೆ ಅಕ್ಕನ ಗಂಡ, ಕೆಲಸ ಮಾಡುವ ಕಾರ್ಖಾನೆ ಅವಳ ಪಟ್ಟಿಯಲ್ಲೇ ಇತ್ತು. ಬಟ್ಟೆ ಒಗೆಯುವ ಯಂತ್ರ ಮಾಡುವ ವಿದೇಶಿ ಕಂಪನಿ. ಅಲ್ಲಿನ ಮ್ಯಾನೇಜರು ಪ್ರತಿ ಸಲ ಎಂಟು ಹೇಳುತ್ತಿದ್ದ. ಉಳಿದವರು ಐದು, ಆರು ಎಂದು ಎಳೆದಾಡುವಾಗ ಈತ ಎಂಟು ಎಂದರೆ ಅವಳಿಗೆ ಏನೋ ಹಿಗ್ಗು, ಭಾವನಿಗೇ ಎಂಟು ಬಂದ ಹಾಗೆ. ಆ ಹಿಗ್ಗಿನ ಆಸೆಗೆ ಮೇಡಂಗೆ ಹೇಳದೆ ಉಳಿದಳು. ದೊಡ್ಡ ಪಾಪವೇನಲ್ಲ. ಇಂಥ ಚಿಲ್ಲರೆ ತಪ್ಪುಗಳೇ ಕತೆಗೆ ಬೇಕಾಗುವುದು.

೩

ಅಕ್ಕ ಅದೇ ಊರಿನ ಸರ್ಕಾರಿ ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯಲ್ಲಿ ಕಾಯಂ ಕೆಲಸದಲ್ಲಿದ್ದಾಳೆ. ಕಾರ್ಖಾನೆ ಇರುವುದು ಇನ್ನೊಂದು ಊರಿನಲ್ಲಿ, ಬಸ್ಸಿನಲ್ಲಿ ಅರ್ಧ ದಿನ. ಭಾವ ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಅವರ ಪುಟ್ಟ ಮಗಳು ಅಪ್ಪನನ್ನು ‘ಭಾನುವಾರ’ ಎಂದೇ ಕರೆಯುತ್ತಾಳೆ. “ಭಾನುವಾರ ಬಂತು” ಎಂದು ಅವಳು ಬಾಗಿಲಿಗೆ ಓಡಿದಾಗ ಎಲ್ಲರೂ ನಗುತ್ತಾರೆ. ಭಾವ ಮಾತ್ರ ನಕ್ಕು ಆಮೇಲೆ ಬಹಳ ಹೊತ್ತು ಶೂ ಬಿಚ್ಚುತ್ತಾನೆ.

ಈ ವರ್ಷ ಭಾವನಿಗೆ ಬಡ್ತಿ ಸಿಕ್ಕಿತು. ಜೊತೆಗೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಒಂದು ಹಿತ್ತಲು. ಅಕ್ಕ ವರ್ಗಾವಣೆ ಕೇಳಿ ಕೇಳಿ ಸುಸ್ತಾಗಿದ್ದಳು. ಹಾಳಾಗಿ ಹೋಗಲಿ, ರಾಜೀನಾಮೆ ಕೊಟ್ಟು ಗಂಡನ ಜೊತೆ ಹೋಗುತ್ತೇನೆ ಎಂದು ನಿರ್ಧರಿಸಿದಳು.

ಅವನಿಗಿಂತ ಹಿರಿಯರು ಅಷ್ಟು ಬೇಗ ಯಾಕೆ ಕೆಲಸ ಬಿಟ್ಟರು, ಆ ಕ್ವಾರ್ಟರ್ಸು ಯಾಕೆ ಖಾಲಿಯಾಯಿತು ಎಂದು ಯಾರೂ ಕೇಳಲಿಲ್ಲ. ಸಿಕ್ಕಿದ ಬಡ್ತಿಯ ಹಲ್ಲು ಎಣಿಸುವವರು ಯಾರು?

೪

ಶುಕ್ರವಾರ ಫೋನು. ಮ್ಯಾನೇಜರು ಆಡುವುದು ಇಂಗ್ಲಿಷು, ನಿಮಗೆ ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಈ ಮಾರುಕಟ್ಟೆಯ ಮೇಲೆ ನಿಮ್ಮ ವಿಶ್ವಾಸ ಒಂದರಿಂದ ಹತ್ತರೊಳಗೆ ಎಷ್ಟು ಎಂದು ತಂಗಿ ಕೇಳಿದಳು. ಒಂಬತ್ತು ಎಂದ. ಅವಳ ಮುಖ ಅರಳಿತು. ಮುಂದಿನ ಒಂದು ವರ್ಷದಲ್ಲಿ ನಿಮ್ಮ ಕೆಲಸಗಾರರ ಸಂಖ್ಯೆ ಹೆಚ್ಚುತ್ತದೆಯೇ, ಹಾಗೇ ಇರುತ್ತದೆಯೇ, ಕಡಿಮೆಯಾಗುತ್ತದೆಯೇ ಎಂದು ಕೇಳಿದಳು. ಇದೆಲ್ಲ ಗುಟ್ಟಾಗಿರುತ್ತದಲ್ಲವೇ ಎಂದು ಅವನು ತಿರುಗಿ ಕೇಳಿದ. ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ನಾಲಿಗೆಗೆ ಅಂಟಿದ ಸಾಲನ್ನು ಅವಳು ಒಪ್ಪಿಸಿದಳು: ಖಂಡಿತ ಸರ್, ಸಂಪೂರ್ಣ ಗೌಪ್ಯ.

ಹಾಗಾದರೆ ಕಡಿಮೆಯಾಗುತ್ತದೆ ಎಂದು ಬರೆದುಕೊಳ್ಳಿ ಎಂದ. ವರ್ಷದ ಲೆಕ್ಕ ಮುಗಿದ ಕೂಡಲೇ ಕಾರ್ಖಾನೆ ಮುಚ್ಚುತ್ತೇವೆ, ಯಾರಿಗೂ ತಿಳಿಸಿಲ್ಲ.

ತಂಗಿಗೆ ಮುಂದಿನ ಪ್ರಶ್ನೆ ಮರೆತುಹೋಯಿತು. ಪಟ್ಟಿಯಲ್ಲಿಲ್ಲದ ಪ್ರಶ್ನೆ ಕೇಳಿಬಿಟ್ಟಳು: ಮತ್ತೆ ಒಂಬತ್ತು ಯಾಕೆ ಸರ್?

ಅವನು ಬೇಸರಪಡದೆ ಬಿಡಿಸಿ ಹೇಳಿದ. ಇಲ್ಲಿ ಜನ ಯಂತ್ರ ಕೊಳ್ಳಲು ಶುರುಮಾಡಿದ್ದಾರೆ, ಇನ್ನೂ ಕೊಳ್ಳುತ್ತಾರೆ. ಆದರೆ ಅದನ್ನು ಬೇರೊಂದು ದೇಶದಲ್ಲಿ ಕಡಿಮೆ ಖರ್ಚಿನಲ್ಲಿ ಮಾಡಿ ತಂದು ಇಲ್ಲಿ ಮಾರಬಹುದು. ಮಾರುವುದಕ್ಕೆ ಕಾರ್ಖಾನೆ ಬೇಕಿಲ್ಲ, ಗೋದಾಮು ಸಾಕು. ಮಾರುಕಟ್ಟೆಯ ಮೇಲೆ ನಮಗೆ ಯಾವತ್ತೂ ಇಷ್ಟು ನಂಬಿಕೆ ಇರಲಿಲ್ಲ ಎಂದ.

ಅವನು ಕೆಟ್ಟವನೆಂದು ಬರೆಯಲು ಎರಡು ಸಲ ನೋಡಿದೆ. ಒಮ್ಮೆ ಅವನ ಬಾಯಿಗೆ ಚುಟ್ಟ ಇಟ್ಟೆ, ಒಮ್ಮೆ ಗಹಗಹಿಸಿ ನಗಿಸಿದೆ. ಎರಡೂ ಸುಳ್ಳು. ಅವನು ಬಹಳ ಸಭ್ಯ. ನೀವು ಪ್ರಶ್ನೆಗಳನ್ನು ಸ್ಪಷ್ಟವಾಗಿ ಕೇಳುತ್ತೀರಿ, ಥ್ಯಾಂಕ್ಸ್ ಎಂದು ಹೇಳಿಯೇ ಫೋನಿಟ್ಟ. ಕೆಳಗೆ ಡ್ರಿಲ್ಲು ಓಡುತ್ತಿತ್ತು. ಅವಳು ಮೈಕಿಗೆ ಕೈ ಅಡ್ಡ ಹಿಡಿದೇ ಕೂತಿದ್ದಳು.

ಅಕ್ಕ ರಾಜೀನಾಮೆ ಕೊಡುವುದು ಸೋಮವಾರ.

೫

ಎರಡನೆಯ ಕರಡಿನಲ್ಲಿ ತಂಗಿ ಹೆಡ್‌ಫೋನ್ ಕಿತ್ತೆಸೆದು ಬೀದಿಗೆ ಓಡಿ ಅಕ್ಕನಿಗೆ ಎಲ್ಲ ಹೇಳುತ್ತಾಳೆ. ಚೆನ್ನಾಗಿ ಬಂದಿತ್ತು. ನಾಲ್ಕು ಜನಕ್ಕೆ ಓದಿ ಹೇಳುವಂತಿತ್ತು. ಆದರೆ ಮೆಟ್ಟಿಲ ಮೇಲೆ ಅವಳು ನಿಂತು, ಬರೆಯುತ್ತಿದ್ದ ನನ್ನ ಕಡೆ ತಿರುಗಿಬಿಟ್ಟಳು.

“ನಾನು ಹೇಳಲ್ಲ” ಅಂದಳು.

ನಿನ್ನ ಸ್ವಂತ ಅಕ್ಕ ಕಣೇ ಎಂದೆ.

“ನನಗೆ ಗೊತ್ತು, ನೀವು ಹೇಳ್ಕೊಡ್ಬೇಡಿ. ಅಕ್ಕನಿಗೆ ಹೇಳಿದ್ರೆ ಭಾವನಿಗೆ ಹೇಳ್ತಾಳೆ. ಭಾವನ ಹೊಟ್ಟೇಲಿ ಮಾತು ನಿಲ್ಲಲ್ಲ. ನಾಳೆ ಗೇಟಿನ ಮುಂದೆ ಗಲಾಟೆ ಆಗುತ್ತೆ. ಎಲ್ಲಿಂದ ಸೋರಿತು ಅಂತ ಹುಡುಕ್ತಾ ಬಂದ್ರೆ ಈ ಮಹಡಿ ಪೂರ್ತಿ ಖಾಲಿ. ಇಲ್ಲಿರೋ ಹುಡುಗೀರಿಗೆಲ್ಲ ನೀವು ಕೆಲಸ ಕೊಡಿಸ್ತೀರಾ?”

ಕೊಡಿಸುವುದಿಲ್ಲ. ನನ್ನದೇ ನೆಟ್ಟಗಿಲ್ಲ.

“ಮತ್ತೆ ಸುಮ್ಮನೆ ಬರೀರಿ. ಭಾನುವಾರ ಅಕ್ಕನ ಮನೆಗೆ ಹೋಗ್ತೀನಿ. ಏನೂ ಹೇಳದೇನೇ ಹೇಳ್ತೀನಿ.”

ಅದು ಹೇಗೆ ಎಂದು ಕೇಳಿದ್ದರೆ ಚೆನ್ನಾಗಿತ್ತು. ನನಗೂ ಆಗ ಅದೇ ಜಾಣತನ ಅನ್ನಿಸಿತು. ನಿಯಮವೂ ಉಳಿಯುತ್ತದೆ, ಅಕ್ಕನೂ ಉಳಿಯುತ್ತಾಳೆ. ಸರಾಸರಿ ಮೇಡಂ ಫ್ಯಾನನ್ನು ಮೂರಕ್ಕೆ ತಿರುಗಿಸಿದ ಹಾಗೆ.

೬

ಅಕ್ಕ ನೆಲದ ಮೇಲೆ ಕೂತು ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದಳು. ಭಾವ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಗ್ಗ ತರಲು ಅಂಗಡಿಗೆ ಹೋಗಿದ್ದ. ತಂಗಿಯೂ ಕೂತು ಲೋಟ ಸುತ್ತತೊಡಗಿದಳು. ಹಿತ್ತಲಲ್ಲಿ ಏನು ಬೆಳೆಸುವುದು ಎಂದು ಅಕ್ಕ ಹೇಳುತ್ತಲೇ ಇದ್ದಳು. ಅರ್ಧ ಡಬ್ಬ ತುಂಬಿದ ಮೇಲೆ ತಂಗಿ ಬಾಯಿಬಿಟ್ಟಳು.

“ಅಕ್ಕಾ, ರಾಜೀನಾಮೆ ಈಗಲೇ ಕೊಡ್ಬೇಡ.”

“ಯಾಕೇ?”

“ಸ್ವಲ್ಪ ದಿನ ನೋಡು. ರಜೆ ಹಾಕಿ ಹೋಗು ಬೇಕಾದ್ರೆ.”

“ಅದೇ ಯಾಕೆ ಅಂತ.”

ತಂಗಿ ಲೋಟದೊಳಗೆ ಪೇಪರು ತುರುಕಿದಳು. ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

“ನಮ್ಮ ಒಳ್ಳೇದು ನೋಡಿದ್ರೆ ನಿನಗೆ ಹೊಟ್ಟೆ ಉರಿ ಅಂತ ನಿಮ್ಮ ಭಾವ ಅಂದಾಗ ನಾನೇ ಅವರನ್ನ ಬೈದಿದ್ದೆ ಕಣೇ.”

“ಅಕ್ಕಾ...”

“ಕಟ್ಕೊಂಡ ಗಂಡನ್ನ ವಾರಕ್ಕೊಂದು ದಿನ ನೋಡೋದು ಹೇಗಿರುತ್ತೆ ಅಂತ ನಿನಗೇನು ಗೊತ್ತು? ಮದುವೆ ಆಗಿದ್ರೆ ಗೊತ್ತಾಗ್ತಿತ್ತು. ಹೇಳು, ಯಾಕೆ ಹೋಗಬಾರದು ನಾನು?”

ತಂಗಿಯ ಬಾಯಿಯವರೆಗೂ ಬಂದಿತ್ತು. ಇಲ್ಲಿ ಅವಳಿಂದ ಹೇಳಿಸಿಬಿಡಬೇಕೆಂದು ನಾನು ಪೆನ್ನು ಒತ್ತಿ ಹಿಡಿದೆ, ಹಾಳೆಗೆ ತೂತು ಬಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಮಗು ಕೂಗಿತು, ಭಾವ ಹಗ್ಗದ ಸುರುಳಿ ಹಿಡಿದು ಒಳಗೆ ಬಂದ, ಏನು ನಾದಿನಿ, ಕೂಲಿ ಎಷ್ಟು ಕೊಡಬೇಕು ಎಂದು ತಮಾಷೆ ಮಾಡಿದ.

“ಏನಿಲ್ಲ. ಸುಮ್ನೆ ಹೇಳ್ದೆ” ಅಂದಳು ತಂಗಿ.

ಸೋಮವಾರ ಅಕ್ಕ ರಾಜೀನಾಮೆ ಕೊಟ್ಟಳು. ಕೊನೆಗಳಿಗೆಯಲ್ಲಿ ಅಳುಕಿ ಎರಡು ದಿನ ತಡೆಯೋಣ ಎಂದುಕೊಂಡಿದ್ದವಳು ತಂಗಿಯ ಮೇಲಿನ ಸಿಟ್ಟಿಗೆ ಬೆಳಿಗ್ಗೆಯೇ ಹೋಗಿ ಕೊಟ್ಟಳು.

೭

ಸಮೀಕ್ಷೆಯ ವರದಿ ಬಂತು. ಮಿರಮಿರ ಹೊಳೆಯುವ ಕಾಗದ, ಹಸಿರು ಬಾಣ, ಮೇಲ್ಮುಖ. ವಿಶ್ವಾಸ ಏರಿತ್ತು. ಏರದೆ ಏನು ಮಾಡುತ್ತದೆ? ನಂಬಿಕೆ ಕಳೆದುಕೊಂಡ ಕಂಪನಿಗಳು ಅಂಗಡಿ ಎತ್ತಿ ಹೋಗಿರುತ್ತವೆ, ಹೋದವರಿಗೆ ಯಾರೂ ಫೋನ್ ಮಾಡುವುದಿಲ್ಲ. ಉಳಿದವರನ್ನೇ ಕೇಳಿ ಕೂಡಿ ಭಾಗಿಸುತ್ತಾರೆ. ಒಂಬತ್ತು ಹೇಳಿದವನು ಮಾತ್ರ ಹೋಗುವುದಿಲ್ಲ, ಗೋದಾಮಿನಲ್ಲಿರುತ್ತಾನೆ. ಮುಂದಿನ ಸಲವೂ ಅವನಿಗೆ ಫೋನ್ ಹೋಗುತ್ತದೆ.

ಮೇಡಂ ಎಲ್ಲರಿಗೂ ಕೇಕು ಹಂಚಿದರು. ಸಮವಾಗಿ ಕತ್ತರಿಸಿದ್ದರು ಎಂದು ಬೇರೆ ಹೇಳಬೇಕಿಲ್ಲ. ತಂಗಿ ತಿಂದಳು. ತಿನ್ನದೆ ಎದ್ದು ಹೋದಳು ಎಂದು ಬರೆದಿದ್ದೆ, ಹೊಡೆದು ಹಾಕಿದೆ. ಹಸಿವಾಗಿತ್ತು, ತಿಂದಳು.

೮

ಈಗ ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ.

(ಅ) ಆಸ್ಪತ್ರೆಯವರು ಕನಿಕರಪಟ್ಟು ಅಕ್ಕನನ್ನು ವಾಪಸ್ ಕರೆದುಕೊಳ್ಳುತ್ತಾರೆ. ಸರ್ಕಾರಿ ಕೆಲಸ ಬಿಟ್ಟು ನೋಡಿದವರು ಇಲ್ಲಿ ನಗಬಹುದು.

(ಆ) ಭಾವ ಗೇಟಿನ ಮುಂದೆ ನಿಂತು ಭಾಷಣ ಮಾಡುತ್ತಾನೆ, ಕಂಪನಿ ಹೆದರುತ್ತದೆ. ಈ ಮುಕ್ತಾಯ ನಾನು ಓದುತ್ತಿದ್ದಾಗಿನ ಹಾಸ್ಟೆಲ್ ಲೈಬ್ರರಿಯ ಎಷ್ಟೋ ಪುಸ್ತಕಗಳಲ್ಲಿತ್ತು. ಹೊರಗೆ ಎಲ್ಲೂ ನೋಡಲಿಲ್ಲ.

(ಇ) ಮ್ಯಾನೇಜರಿಗೆ ಪಶ್ಚಾತ್ತಾಪವಾಗುತ್ತದೆ. ಎಂಟಕ್ಕೆ ಇಳಿಯುತ್ತಾನೆ.

೯

ನಡೆದದ್ದು ಇದು. ಹೇಳಿದ ಹಾಗೆಯೇ ಕಾರ್ಖಾನೆ ಮುಚ್ಚಿತು. ಭಾವನಿಗೆ ಅದೇ ಕಂಪನಿಯ ಗೋದಾಮಿನಲ್ಲಿ ಕೆಲಸ ಸಿಕ್ಕಿತು, ಹೊರದೇಶದಿಂದ ಬಂದ ಯಂತ್ರಗಳನ್ನು ಲಾರಿಯಿಂದ ಇಳಿಸುವುದು. ಗೋದಾಮು ತಂಗಿಯ ಊರಿನಲ್ಲೇ ಇದೆ, ಮೂವರೂ ಅಲ್ಲಿಗೆ ವಾಪಸ್ ಬಂದರು. ಅಕ್ಕ ಖಾಸಗಿ ಲ್ಯಾಬಿಗೆ ಸೇರಿ ಮನೆಮನೆಗೆ ಸ್ಕೂಟರಿನಲ್ಲಿ ಹೋಗಿ ರಕ್ತ ತೆಗೆದುಕೊಂಡು ಬರುತ್ತಾಳೆ. ಭಾವ ಈಗ ದಿನಾ ಮನೆಗೆ ಬರುತ್ತಾನೆ. ಮಗಳು ಇನ್ನೂ ‘ಭಾನುವಾರ’ ಎಂದೇ ಕರೆಯುತ್ತಾಳೆ. ಈಗ ಯಾರೂ ನಗುವುದಿಲ್ಲ.

ಬಾಡಿಗೆ ಮನೆಗೆ ಸಾಮಾನು ಬಂದ ದಿನ ತಂಗಿ ಕೈಜೋಡಿಸಲು ಹೋದಳು. ಇಬ್ಬರೂ ನೆಲದ ಮೇಲೆ ಕೂತು, ಕ್ವಾರ್ಟರ್ಸಿನಲ್ಲಿ ಬಿಚ್ಚದೇ ಉಳಿದಿದ್ದ ಡಬ್ಬದ ಪಾತ್ರೆಗಳ ಪೇಪರು ಬಿಡಿಸಿದರು. ಅದರಲ್ಲೊಂದು ಪೇಪರಿನಲ್ಲಿ ಹಳೆಯ ಸಮೀಕ್ಷೆಯ ಸುದ್ದಿ ಇರಲಿ, ಅಕ್ಕನ ಕಣ್ಣಿಗೆ ಬೀಳಲಿ ಎಂದು ನನಗೆ ಆಸೆಯಾಯಿತು. ಇರಲಿಲ್ಲ. ಇದ್ದದ್ದು ಟೈರಿನ ಜಾಹೀರಾತು.

ಅಕ್ಕ ತಾನಾಗಿಯೇ ಕೇಳಿದಳು, ಮುಖ ಎತ್ತದೆ.

“ಅವತ್ತು ಬೇಡ ಅಂದ್ಯಲ್ಲ. ನಿನಗೆ ಗೊತ್ತಿತ್ತಾ?”

ತಂಗಿ ಡಬ್ಬದಿಂದ ಒಂದು ಲೋಟ ಎತ್ತಿಕೊಂಡಳು.

ಗೊತ್ತಿತ್ತು ಎಂದರೆ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವಳು. ಗೊತ್ತಿರಲಿಲ್ಲ ಎಂದರೆ, ಅವತ್ತಿನ ಮಾತು ಬರೀ ಹೊಟ್ಟೆಕಿಚ್ಚು ಎಂದು ಒಪ್ಪಿಕೊಂಡ ಹಾಗೆ. ಯಾವುದು ಬರೆಯಲಿ ಎಂದು ಅವಳನ್ನೇ ಕೇಳಿದೆ. ಮೆಟ್ಟಿಲ ಮೇಲೆ ನಿಂತು ನನ್ನನ್ನು ದಬಾಯಿಸಿದ್ದವಳು ಈಗ ನನ್ನ ಕಡೆ ನೋಡಲೂ ಇಲ್ಲ. ಕೈಯಲ್ಲಿ ಒಂದು ಲೋಟ, ಲೋಟದೊಳಗೆ ಅವತ್ತು ಅವಳೇ ತುರುಕಿದ ಪೇಪರು.

ಉತ್ತರ ಬಾರದಿದ್ದರೆ ಹಿಂದಿನ ಸಲದ್ದನ್ನೇ ತುಂಬಬೇಕು, ಅದು ಮೇಡಂ ನಿಯಮ. ಹಿಂದಿನ ಸಲದ್ದು ನಿಮಗೂ ನೆನಪಿದೆ: ‘ಏನಿಲ್ಲ. ಸುಮ್ನೆ ಹೇಳ್ದೆ.’ ಅದನ್ನು ಬರೆದರೆ ಕತೆ ಮುಗಿಯುತ್ತದೆ, ಗಿರಾಕಿಗಳಿಗೆ ಭಯವೂ ಆಗುವುದಿಲ್ಲ.

ಬರೆಯುವುದಿಲ್ಲ. ಜಾಗ ಖಾಲಿ ಇರಲಿ.

ಅಕ್ಕ ಈಗ ಮುಖ ಎತ್ತಿದ್ದಾಳೆ.