ಒಣ ಮುಖ

ಅಪ್ಪ ಮಗನ ಎದೆಯ ಮೇಲೆ ಟೆನಿಸ್ ರ‍್ಯಾಕೆಟ್ ಇಡಲು ಬಗ್ಗಿದಾಗ ಅಕ್ಕ ಅದನ್ನು ಕಿತ್ತುಕೊಂಡಳು.

"ಇನ್ನಾದ್ರೂ ಬಿಡಿ ಅವನನ್ನ."

ಕೋಣೆಯ ತುಂಬ ಕುರ್ಚಿಗಳು, ಕುರ್ಚಿಗಳ ತುಂಬ ಅವನ ಜೊತೆ ಆಡಿದವರು. ಸತ್ತವನಿಗೆ ಅವರಿಟ್ಟಿದ್ದ ಹೆಸರು ಗೋಡೆ. ಹೊಡೆದ ಚೆಂಡೆಲ್ಲ ವಾಪಸು, ಮುಖದಲ್ಲಿ ಮಾತ್ರ ಏನೂ ಇಲ್ಲ. ಹದಿನಾರು ವರ್ಷ ಊರೂರು ಅಲೆದು ಆಡಿದರೂ ಪೇಪರಿನಲ್ಲಿ ಅವನ ಹೆಸರು ಬಂದದ್ದು ಸೋತವರ ಸಾಲಿನಲ್ಲಿ, ಸಣ್ಣಕ್ಷರದಲ್ಲಿ.

"ಗಟ್ಟಿ ಮನಸ್ಸು ಅಕ್ಕಾ ಅವನದು," ಎಂದ ಡಬಲ್ಸ್ ಜೊತೆಗಾರ. "ಐದು ಗಂಟೆ ಆಡಿ ಸೋತ ದಿನಾನೂ ಅಳ್ಲಿಲ್ಲ."

"ಟವೆಲ್ ಒಳಗೆ ಅಳ್ತಿದ್ದ. ನಿನಗೆ ಕಾಣ್ತಿರಲಿಲ್ಲ, ಅಷ್ಟೆ."

*

ಹನ್ನೊಂದನೇ ವಯಸ್ಸಿನಲ್ಲಿ ಒಂದು ಪಾಯಿಂಟ್ ಕಳೆದುಕೊಂಡು ಎಲ್ಲರೆದುರು ಅತ್ತುಬಿಟ್ಟಿದ್ದ. ಆಟ ಕಲಿಸುತ್ತಿದ್ದವರು ಅಪ್ಪನೇ.

"ನಿನ್ನ ನೋವು ಎದುರಾಳಿಗೆ ಕಂಡ್ರೆ ಆಟ ಅವನದಾಯ್ತು," ಎಂದಿದ್ದರು. "ಆಟದ ಮಧ್ಯೆ ಅಂಕಣದ ಬದಿ ಬದಲಾಯಿಸೋವಾಗ ಕೂರೋಕೆ ತೊಂಬತ್ತು ಸೆಕೆಂಡ್ ಸಿಗುತ್ತೆ. ಟವೆಲ್ ಒಳಗೆ ಅತ್ಕೊ. ಎದ್ದಾಗ ಮುಖ ಒಣಗಿರ್ಬೇಕು."

ಅಂದಿನಿಂದ ದಿನವೂ ಅದರದೇ ಅಭ್ಯಾಸ. ಅವನು ಟವೆಲ್ ಮುಸುಕಿ ಕೂರುವುದು, ಅಪ್ಪ ಗಡಿಯಾರ ಹಿಡಿದು ನಿಲ್ಲುವುದು. ನೋಡಿದರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಟವೆಲ್ ಮಡಿಚಿ ಕೊಡುತ್ತಿದ್ದವಳು ಅವಳೇ. ಆ ಸಿಟ್ಟು ಇವತ್ತಿಗೂ ಇಳಿದಿರಲಿಲ್ಲ. ಅದರಲ್ಲಿ ಅರ್ಧ ಅವಳ ಮೇಲಿನದೇ.

*

"ಕಡೇವರೆಗೂ ಧೈರ್ಯವಾಗಿದ್ದ," ಎಂದರು ಅಪ್ಪ, ಬಂದವರಿಗೆಲ್ಲ ಹೇಳಿದ್ದನ್ನೇ ಮತ್ತೊಮ್ಮೆ.

ಅಕ್ಕನಿಗೆ ತಡೆಯಲಾಗಲಿಲ್ಲ. "ಧೈರ್ಯ ಅಲ್ಲ ಅಪ್ಪ. ಎರಡು ದಿನದಿಂದ ಊಟ ಬಿಟ್ಟಿದ್ದಾನೆ ಅಂತ ನಾನೇ ಎಳ್ಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರು ಹೊಟ್ಟೆ ಒತ್ತಿ, ನೋವಿದೆಯಾ ಅಂದ್ರೆ, ಸ್ವಲ್ಪ ಅಂದ. ಒಣ ಮುಖ ಇಟ್ಕೊಂಡು. ಮಾತ್ರೆ ಕೊಟ್ಟು ಕಳಿಸಿದ್ರು. ಒಳಗೆ ಕರುಳು ಒಡೆದು ನಂಜೇರ್ತಿತ್ತು. ಆಟ ಬಿಟ್ಟು ಏಳು ವರ್ಷ ಆಗಿತ್ತಲ್ಲ, ಡಾಕ್ಟರೂ ಎದುರಾಳಿನಾ?"

ಅಪ್ಪ ಕುಸಿದು ಕುಳಿತರು. ಪಕ್ಕದಲ್ಲಿದ್ದ ಮಗನ ಚೀಲದಿಂದ ಟವೆಲ್ ಎಳೆದು ಮುಖ ಮುಚ್ಚಿಕೊಂಡರು. ಭುಜಗಳು ಅಲುಗಿದವು, ಸದ್ದು ಮಾತ್ರ ಬರಲಿಲ್ಲ. ಜೊತೆಗಾರನ ಕಣ್ಣು ತನಗೇ ಗೊತ್ತಿಲ್ಲದೆ ಕೈಗಡಿಯಾರದ ಕಡೆ ಹೋಯಿತು.

ಅಕ್ಕ ಹೋಗಿ ಟವೆಲನ್ನು ಕಿತ್ತಳು.

"ಎಲ್ಲರೂ ನೋಡ್ಲಿ. ಅಳಿ."

ಅಪ್ಪನ ಬಾಯಿ ಹನ್ನೊಂದರ ಹುಡುಗನಂತೆ ಸೊಟ್ಟಗಾಯಿತು. ಕಣ್ಣು, ಮೂಗು ಒಟ್ಟಿಗೇ ಸುರಿದವು. ಅವರ ಕೈ ಟವೆಲಿಗಾಗಿ ಗಾಳಿಯಲ್ಲಿ ತಡಕಾಡಿತು. ಅವಳು ಕೊಡಲಿಲ್ಲ.